ಲಂಡನ್ನಿನ ನೆಲದಡಿಯ ರೈಲು

ಲಂಡನ್ ನಗರವನ್ನು ನೋಡಿಬಂದವರು ಅಲ್ಲಿಯ ಸೇತುವೆ, ಅರಮನೆಗಳನ್ನು ಬಣ್ಣಿಸುವುದು ವಾಡಿಕೆ. ನಾವು ವಾಚಕರನ್ನು ಆ ನಗರದ ನೆಲದಡಿಗೆ ಕರೆದೊಯ್ಯಬಯಸುತ್ತೇವೆ. ಭೂಮಿಯೊಳಗೆ ಪ್ರಯಾಣಿಕರ ರೈಲು ಜಗತ್ತಿನಲ್ಲಿ ಮೊತ್ತಮೊದಲು ಓಡಿದುದು ಇಲ್ಲಿಯೇ, 1863ರ ಜನವರಿ 10ರಂದು. ಆಗ ಅದನ್ನು ಎಳೆಯುತ್ತಿದ್ದುದು ಉಗಿಯಂತ್ರ. ಆಳದ ಸುರಂಗದಲ್ಲಿ ವಿದ್ಯುತ್ತಿನ ಗಾಡಿ ಓಡತೊಡಗಿದುದು 1890ರಲ್ಲಿ. ಇಂದು ಅದರ ನಿಲ್ದಾಣಗಳು 272.

ಇದನ್ನು ಕಟ್ಟಿದವರ ಕಣ್ಣೆದುರಿಗೆ ಗಟ್ಟಿ ಕಾಲಿನವರು ಮಾತ್ರವೇ ಇದ್ದರೆಂದು ತೋರುತ್ತದೆ. ಬೀದಿಯಿಂದ ಪ್ಲಾಟ್‌ಫಾರಮ್ಮಿನವರೆಗೆ ಒಂದು ಮೆಟ್ಟಿಲನ್ನೂ ತುಳಿಯದೆ ಹೋಗಬಹುದಾದ ನಿಲ್ದಾಣಗಳು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಕೋವೆಂಟ್ ಗಾರ್ಡನ್ನಿನ ಸುತ್ತುಮೆಟ್ಟಿಲುಗಳು 193. ಅಲ್ಲಿ ಲಿಫ್ಟು ಉಂಟು. ಆದರೆ ಲಿಫ್ಟಿನಿಂದ ಪ್ಲಾಟ್‌ಫಾರಮ್ಮಿಗೆ ಮತ್ತೆ ಕೆಲವು ಮೆಟ್ಟಿಲುಗಳಿರುವುವು. ಗಾಲಿಕುರ್ಚಿಯವರಿಗೆ ನೂರು ಮೆಟ್ಟಿಲೂ ಒಂದೇ, ಹತ್ತು ಮೆಟ್ಟಿಲೂ ಒಂದೇ. ಇನ್ನು ಡೊಂಕಾದ ಪ್ಲಾಟ್‌ಫಾರಮ್ಮುಗಳಲ್ಲಿ ನೇರವಾದ ಗಾಡಿ ನಿಂತಾಗ ನಡುವೆ ಸಂದು ಬೀಳುವುದು. ‘ಸಂದಿನ ಕಡೆಗೆ ಗಮನವಿರಲಿ’ ಎಂಬ ಎಚ್ಚರಿಕೆಯನ್ನು 1968ರಿಂದ ಕೂಗಿ ಹೇಳುತ್ತಿದ್ದಾರೆ. ಎಷ್ಟೋ ಕಡೆ ಸಿಬ್ಬಂದಿಯವರು ಇಳಿಜಾರು ಹಲಗೆಯನ್ನು ತಂದು ಹಾಸಿ ಹತ್ತಿಸುತ್ತಾರೆ.

ಜೂಬಿಲಿ ಮಾರ್ಗದ ಹೊಸ ಭಾಗ 1999ರಲ್ಲಿ ತೆರೆಯಿತು. ಅಲ್ಲಿಯ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಗಾಲಿಕುರ್ಚಿಯ ವೃದ್ಧೆಯೊಬ್ಬರು ಲಿಫ್ಟಿನಿಂದಿಳಿದು, ಯಾರ ಕೈಯನ್ನೂ ಬೇಡದೆ, ಸಮತಟ್ಟಾದ ನೆಲದಿಂದ ಗಾಡಿಯೊಳಕ್ಕೆ ಉರುಳಿಸಿಕೊಂಡು ಹೋದುದನ್ನು ಕಂಡೆವು. ಯಾರೂ ತಿರುಗಿ ನೋಡಲಿಲ್ಲ. ಆ ನೋಡದಿರುವುದರಲ್ಲಿಯೇ ಅವರ ಗೌರವವಿದ್ದಿತು. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದ 41 ನಿಲ್ದಾಣಗಳಿಗೂ ಮೆಟ್ಟಿಲಿಲ್ಲದ ದಾರಿಯುಂಟು.

ಎರಡನೆಯ ತೊಡಕು ಸದ್ದು. ಸುರಂಗ ಕಿರಿದು, ಕಬ್ಬಿಣದ ಮೇಲೆ ಕಬ್ಬಿಣ ಉರುಳಿದ ಸದ್ದು ಗೋಡೆಗೆ ಬಡಿದು ಹಿಂದಿರುಗುವುದು. ಸೆಖೆಗೆಂದು ಕಿಟಕಿ ತೆರೆದರೆ ಒಳಕ್ಕೇ ನುಗ್ಗುವುದು. 1900ರ ಸೆಂಟ್ರಲ್ ಮಾರ್ಗವನ್ನು ಮನೆಗಳ ಕೆಳಗೆ ಅಗೆಯದೆ ಬೀದಿಗಳ ಕೆಳಗೇ ಕೊರೆದುದರಿಂದ, ಬೀದಿ ತಿರುಗಿದಲ್ಲೆಲ್ಲ ಸುರಂಗವೂ ತಿರುಗಿತು. ತಿರುವಿನಲ್ಲಿ ಹೊರಗಣ ಗಾಲಿ ಹೆಚ್ಚು ದೂರ ಹೋಗಬೇಕು. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಅವು ಜಾರಿ ಕಿರುಚುವುವು. ಹಳಿಯನ್ನು ಉಜ್ಜಿ ನುಣುಪುಮಾಡುವುದು ಒಂದು ಪರಿಹಾರ. ಹಳಿಯ ಕೆಳಗೆ ಮೆತ್ತನೆಯ ಆಸರೆ ಕೊಡುವುದು ಮತ್ತೊಂದು. ಆದರೆ ಇದರಿಂದ ಮೇಲಿನ ಮನೆಗಳಿಗೆ ನೆಮ್ಮದಿಯಾದರೂ ಗಾಡಿಯೊಳಗಿನ ಸದ್ದು ಹೆಚ್ಚುವುದುಂಟು. ಒಬ್ಬರ ಶಾಂತಿ ಇನ್ನೊಬ್ಬರ ಕಿವಿಗೆ ಭಾರವಾಗುವ ಪರಿ ಹೀಗೆ.

ಈ ಎರಡು ತೊಡಕುಗಳು ಬೇರೆಬೇರೆಯಲ್ಲ. ಕಣ್ಣು ಕಾಣದವರಿಗೆ ಮುಂದಿನ ನಿಲ್ದಾಣವನ್ನು ತಿಳಿಸುವುದು ಗಾಡಿಯೊಳಗಿನ ಧ್ವನಿಯೊಂದೇ. ಅದು ಅಬ್ಬರದಲ್ಲಿ ಮುಳುಗಿಹೋದರೆ ಅವರ ಪಾಲಿಗೆ ದಾರಿಯೇ ಮುಚ್ಚಿದಂತೆ.

ಹಳೆಯ ನಿಲ್ದಾಣಕ್ಕೆ ಲಿಫ್ಟು ಕೂಡಿಸಲು ಕಟ್ಟಡಗಳ ಅಡಿಪಾಯ, ಕೊಳವೆ, ಇತರ ಸುರಂಗಗಳ ನಡುವೆ ಜಾಗ ಹುಡುಕಿ ಅಗೆಯಬೇಕು. ವರುಷಗಳೂ ಹಣವೂ ಕರಗುವುವು. ಮೊದಲೇ ನೆನೆದಿದ್ದರೆ ಈ ಶ್ರಮ ಬಹಳ ಮಟ್ಟಿಗೆ ಉಳಿಯುತ್ತಿತ್ತು. 2011ರಲ್ಲಿ ಓಡತೊಡಗಿದ ನಮ್ಮ ಬೆಂಗಳೂರಿನ ಮೆಟ್ರೋ ಲಿಫ್ಟುಗಳೊಡನೆಯೇ ಹುಟ್ಟಿತೆಂಬುದು ಸಂತೋಷದ ಸಂಗತಿ. ಆದರೆ ಮನೆಯಿಂದ ಆ ಲಿಫ್ಟಿನವರೆಗಿನ ಕಾಲುದಾರಿ ಎಷ್ಟು ಕಡೆ ಸಮವಾಗಿದೆ? ನಡೆಯಬಲ್ಲ ನಾವೆಲ್ಲರೂ ಒಂದು ದಿನ ಮುಪ್ಪಿನವರಾಗತಕ್ಕವರು. ಇಂದು ಇನ್ನೊಬ್ಬರಿಗೆಂದು ಸಮಮಾಡಿದ ದಾರಿ ನಾಳೆ ನಮ್ಮದೇ ಆಗುವುದು.