ಪಾಸ್‌ವರ್ಡ್ ಸರಿಯಿತ್ತು, ಪರದೆ ತೆರೆಯಲಿಲ್ಲ

ಪಾಸ್‌ವರ್ಡ್ ತಪ್ಪಾದರೆ ಉಬುಂಟು ಅದನ್ನು ನೇರವಾಗಿ ಹೇಳಿಬಿಡುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಲಾಗಿನ್ ಪುಟಕ್ಕೆ ಬಂದು ನಿಂತರೆ ಮಾತ್ರ ಏನನ್ನೂ ಹೇಳುವುದಿಲ್ಲ. ನಾಲ್ಕು ಸಲ ಟೈಪ್ ಮಾಡಿದರೂ ಅಷ್ಟೆ. ನಮ್ಮ ತಂಡ ಇಂಟರ್ನ್‌ಶಿಪ್‌ಗೆ ಹೋಗಿದ್ದ ಪ್ರೌಢಶಾಲೆಯ ಲ್ಯಾಬ್‌ನಲ್ಲಿ ಆನ್ ಆಗುತ್ತಿದ್ದ ಏಳು ಕಂಪ್ಯೂಟರ್‌ಗಳಲ್ಲಿ ನಾಲ್ಕರ ಸ್ಥಿತಿ ಇದೇ ಆಗಿತ್ತು. ಎಲ್ಲದರಲ್ಲೂ ಉಬುಂಟು 16.04 ಇತ್ತು. ಶಾಲೆಯವರು ಇದಕ್ಕೊಂದು ದಾರಿಯನ್ನೂ ಕಂಡುಕೊಂಡಿದ್ದರು. ಲಾಗಿನ್ ಪುಟದಲ್ಲಿ ‘ಗೆಸ್ಟ್ ಸೆಷನ್’ ಎಂದು ಒಂದಿರುತ್ತದೆ. ಅದನ್ನು ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದು. ಜಿಯೋಜಿಬ್ರಾ ತೆರೆಯುತ್ತದೆ, ಮಕ್ಕಳು ಚಿತ್ರ ಬರೆಯುತ್ತಾರೆ, ಅವಧಿ ಮುಗಿಯುತ್ತದೆ.

ಗೆಸ್ಟ್ ಸೆಷನ್‌ನ ಗುಣವೆಂದರೆ ಹೊರಬಂದ ಕೂಡಲೇ ಅದರೊಳಗೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಶಾಶ್ವತವಾದ ಮನೆಯೇ ಇಲ್ಲ. ಒಳಗೆ ಹೋದಾಗ ತಾತ್ಕಾಲಿಕವಾಗಿ ಒಂದು ಫೋಲ್ಡರ್ ಹುಟ್ಟುತ್ತದೆ, ಹೊರಗೆ ಬಂದಾಗ ಅಳಿಯುತ್ತದೆ. ಶುರುವಿನಲ್ಲೇ ಒಂದು ಎಚ್ಚರಿಕೆ ಬರುತ್ತದೆ ನಿಜ. ಆದರೆ ಅದು ಇಂಗ್ಲಿಷಿನಲ್ಲಿರುತ್ತದೆ, ಕೆಳಗೊಂದು ಗುಂಡಿ ಇರುತ್ತದೆ, ಮಕ್ಕಳು ಗುಂಡಿ ಒತ್ತುತ್ತಾರೆ. ಹತ್ತನೆಯ ತರಗತಿಗೆ ‘ವೃತ್ತಗಳು’ ಘಟಕದ ಪಾಠ ಯೋಜನೆ ಬರೆಯುವಾಗ ನಾನು ಎರಡು ಅವಧಿಗಳ ಚಟುವಟಿಕೆ ಹಾಕಿಕೊಂಡಿದ್ದೆ. ಮೊದಲ ದಿನ ವೃತ್ತ, ಬಾಹ್ಯ ಬಿಂದು, ಎರಡು ಸ್ಪರ್ಶಕಗಳು. ಮರುದಿನ ಅದೇ ಫೈಲನ್ನು ತೆರೆದು ಬಿಂದುವನ್ನು ಎಳೆದಾಡಿ, ಸ್ಪರ್ಶಕಗಳ ಉದ್ದ ಎಲ್ಲೆಲ್ಲಿ ಸಮ ಎಂದು ನೋಡುವುದು. ಇದನ್ನು ಕೇಳಿ ಮುಂದಿನ ಬೆಂಚಿನ ಹುಡುಗಿ, “ನಾಳೆಗೆ ಇರಲ್ಲ ಮೇಡಂ. ಇಲ್ಲಿ ಸೇವ್ ಮಾಡಿದ್ರೂ ಹೋಗ್ಬಿಡುತ್ತೆ” ಎಂದಳು. ಅದನ್ನು ದೂರಿನಂತೆ ಹೇಳಲಿಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು. ಉಳಿದವರೂ ತಲೆಯಾಡಿಸಿದರು. ಆ ತರಗತಿಯಲ್ಲಿ ಸೇವ್ ಮಾಡುವ ಅಭ್ಯಾಸವೇ ಯಾರಿಗೂ ಇರಲಿಲ್ಲ.

ಮಾರ್ಗದರ್ಶಕ ಶಿಕ್ಷಕಿ ಕಪ್ಪುಹಲಗೆಯ ಮೇಲೆ ಸ್ಪರ್ಶಕವನ್ನು ಕೈವಾರ ಹಿಡಿದು ಎಳೆಯುವುದು ನೋಡುವಂತಿರುತ್ತದೆ. ಬರೀ ಪ್ರಮೇಯವನ್ನು ಕಲಿಸಲು ಕಂಪ್ಯೂಟರ್ ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಆದರೆ ತಾವು ಮಾಡಿದ ಕೆಲಸ ಉಳಿಯುವುದಿಲ್ಲ ಎಂದು ನಲವತ್ತು ಮಕ್ಕಳು ಒಪ್ಪಿಕೊಂಡು ಕುಳಿತಿರುವುದು ಬೇರೆ ವಿಷಯ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಶನಿವಾರ ಮಧ್ಯಾಹ್ನ ಲ್ಯಾಬ್‌ನ ಬೀಗದ ಕೈ ತೆಗೆದುಕೊಂಡೆ. ನನ್ನ ಜೊತೆ ಸಹ ಪ್ರಶಿಕ್ಷಣಾರ್ಥಿ ಗೆಳತಿಯೊಬ್ಬಳು, ಮನೆಗೆ ಹೋಗಲು ಅವಸರವಿಲ್ಲದ ನಾಲ್ಕು ಜನ ಮಕ್ಕಳು.

ಮೊದಲ ಸುಳಿವು ಗೆಸ್ಟ್ ಸೆಷನ್‌ನಲ್ಲೇ ಇತ್ತು. ಗೆಸ್ಟ್‌ಗೆ ಪರದೆ ತೆರೆಯುತ್ತದೆ ಎಂದರೆ ಮಾನಿಟರ್, ಗ್ರಾಫಿಕ್ಸ್ ಕಾರ್ಡ್, ಡ್ರೈವರ್ ಎಲ್ಲ ಸರಿಯಿವೆ ಎಂದೇ ಅರ್ಥ. ತೊಂದರೆ ಇರುವುದು ಶಾಲೆಯ ಖಾತೆಯಲ್ಲಿ. ಹೊಸ ಮಾನಿಟರ್ ಬೇಕೆಂದು ಬರೆದುಕೊಂಡಿದ್ದ ಬೇಡಿಕೆ ಪಟ್ಟಿ ಅಲ್ಲಿಗೆ ಅನಗತ್ಯವಾಯಿತು. ಮಕ್ಕಳಿಗೂ ಈ ತರ್ಕ ಚೆನ್ನಾಗಿ ಹಿಡಿಸಿತು. ಬಲ್ಬ್ ಉರಿಯದಿದ್ದರೆ ಅದೇ ಹೋಲ್ಡರ್‌ಗೆ ಬೇರೆ ಬಲ್ಬ್ ಹಾಕಿ ನೋಡುವುದು ಅವರಿಗೆ ಹೊಸದಲ್ಲವಲ್ಲ.

ಚಿತ್ರದ ಪರದೆ ಬಾರದಿದ್ದರೂ ಅಕ್ಷರದ ಪರದೆ ಬರುತ್ತದೆ. ಕಂಟ್ರೋಲ್, ಆಲ್ಟ್, ಎಫ್1 ಒಟ್ಟಿಗೆ ಒತ್ತಿ, ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟಾಗ ತಕರಾರಿಲ್ಲದೆ ಒಳಗೆ ಬಿಟ್ಟಿತು. ಡಿಸ್ಕ್ ತುಂಬಿದ್ದರೂ ಲಾಗಿನ್ ಹೀಗೇ ಹಿಂದಕ್ಕೆ ಬರುವುದುಂಟು. ಆದ್ದರಿಂದ ‘ಡಿಎಫ್ -ಎಚ್’ ಹಾಕಿ ನೋಡಿದೆವು, ಬೇಕಾದಷ್ಟು ಜಾಗವಿತ್ತು. ಆಮೇಲೆ ‘ಎಲ್‌ಎಸ್ -ಎಲ್‌ಎ’ ಹಾಕಿ ಖಾತೆಯ ಮನೆ ಫೋಲ್ಡರ್‌ನಲ್ಲಿರುವುದನ್ನೆಲ್ಲ ಪಟ್ಟಿ ಮಾಡಿಸಿ, ಪ್ರತಿ ಸಾಲಿನ ಮೂರನೆಯ ಅಂಕಣ ಓದಲು ಮಕ್ಕಳಿಗೆ ಹೇಳಿದೆ. ಅಲ್ಲಿರುವುದು ಆ ಫೈಲಿನ ಮಾಲೀಕನ ಹೆಸರು. ಎಲ್ಲ ಸಾಲುಗಳಲ್ಲೂ ಶಾಲೆಯ ಖಾತೆಯ ಹೆಸರೇ ಇತ್ತು. ಒಂದು ಸಾಲಿನಲ್ಲಿ ಮಾತ್ರ ‘ರೂಟ್’ ಎಂದಿತ್ತು. ಚುಕ್ಕೆಯಿಂದ ಶುರುವಾಗುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಆ ಫೈಲಿನ ಹೆಸರು ಎಕ್ಸ್‌ಅಥಾರಿಟಿ.

ಇದರ ಕೆಲಸ ಹೇಳದೆ ಮುಂದಿನದು ತಿಳಿಯುವುದಿಲ್ಲ. ಲಿನಕ್ಸ್‌ನಲ್ಲಿ ಕಿಟಕಿ, ಗುಂಡಿ, ಚಿತ್ರಗಳನ್ನು ಪರದೆಯ ಮೇಲೆ ಬರೆಯುವ ಹಳೆಯ ವ್ಯವಸ್ಥೆಯ ಹೆಸರು ಎಕ್ಸ್. ಇದು 1984ರಲ್ಲಿ ಅಮೆರಿಕದ ಎಂಐಟಿಯ ‘ಪ್ರಾಜೆಕ್ಟ್ ಅಥೀನಾ’ದಲ್ಲಿ ಹುಟ್ಟಿತು. ಅಥೀನಾ ಯೋಜನೆ ಶುರುವಾದದ್ದೇ ವಿದ್ಯಾರ್ಥಿಗಳ ಓದಿಗೆ ಕಂಪ್ಯೂಟರ್ ಒದಗಿಸಲು. ಯಾವ ವಿದ್ಯಾರ್ಥಿ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕೆಲಸ ತನಗೆ ಸಿಗಬೇಕು ಎಂಬುದು ಅವರ ಆಸೆ. ನಾವು ಇಂದಿಗೂ ಬಳಸುವ ಎಕ್ಸ್11 ಬಂದದ್ದು 1987ರಲ್ಲಿ. ಅದರಲ್ಲಿ ಪ್ರೋಗ್ರಾಂ ಒಂದು ಕಡೆ ನಡೆಯುತ್ತಾ ಇನ್ನೊಂದು ಕಡೆಯ ಪರದೆಯ ಮೇಲೆ ಚಿತ್ರ ಬರೆಯಬಹುದು. ಹಾಗಿದ್ದ ಮೇಲೆ ‘ನನ್ನ ಪರದೆಯ ಮೇಲೆ ಯಾರು ಬರೆಯಬಹುದು?’ ಎಂಬ ಪ್ರಶ್ನೆ ಏಳಲೇಬೇಕು. ಅದಕ್ಕೆ ಉತ್ತರವಾಗಿ, ಒಬ್ಬರು ಲಾಗಿನ್ ಆದಾಗ ಒಂದು ಗುಟ್ಟಿನ ಸಂಖ್ಯೆ ಹುಟ್ಟುತ್ತದೆ. ಅದಕ್ಕೆ ಇಟ್ಟಿರುವ ಹೆಸರು ‘ಎಂಐಟಿ ಮ್ಯಾಜಿಕ್ ಕುಕಿ’. 128 ಬಿಟ್‌ಗಳ ಸಂಖ್ಯೆ ಅದು. 2ರ ಘಾತ 128 ಎಂದರೆ 39 ಅಂಕಿಗಳ ಸಂಖ್ಯೆಯಾಗುತ್ತದೆ, ಊಹಿಸಿ ಹೇಳುವ ಮಾತಲ್ಲ. ಈ ಕುಕಿಯನ್ನು ಎಕ್ಸ್‌ಅಥಾರಿಟಿ ಫೈಲಿನಲ್ಲಿ ಇಟ್ಟು, ಮಾಲೀಕ ಮಾತ್ರ ಓದಿ ಬರೆಯುವಂತೆ ಮಾಡಿರುತ್ತಾರೆ. ಪರದೆ ಬೇಕಾದ ಪ್ರೋಗ್ರಾಂ ಆ ಸಂಖ್ಯೆಯನ್ನು ತೋರಿಸಬೇಕು.

ನಮ್ಮ ನಾಲ್ಕು ಯಂತ್ರಗಳಲ್ಲಿ ಆ ಫೈಲ್ ರೂಟ್‌ನ ಕೈಗೆ ಹೋಗಿತ್ತು. ಶಾಲೆಯ ಖಾತೆಗೆ ಹೊಸ ಕುಕಿಯನ್ನು ಅದರಲ್ಲಿ ಬರೆಯಲೂ ಆಗದು, ಹಳೆಯದನ್ನು ಓದಲೂ ಆಗದು. ಪಾಸ್‌ವರ್ಡ್ ಸರಿಯೆಂದು ಒಳಗೆ ಬಿಟ್ಟ ಮೇಲೆ ಪರದೆ ಸಿಗದೆ ಹೊರಗೆ ಬೀಳುತ್ತಿತ್ತು. ಹೋಗಿದ್ದು ಹೇಗೆ ಎಂಬುದಕ್ಕೆ ಉತ್ತರ ಹಳೆಯ ಆದೇಶಗಳ ದಾಖಲೆಯಲ್ಲಿ ಸಿಕ್ಕಿತು: ‘ಸುಡೋ ಸ್ಟಾರ್ಟ್‌ಎಕ್ಸ್’. ಹಿಂದೆಂದೋ ಒಂದು ದಿನ ಬೇರಾವುದೋ ಕಾರಣಕ್ಕೆ ಪರದೆ ಬಂದಿಲ್ಲ. ಯಾರೋ ಅಕ್ಷರದ ಪರದೆಗೆ ಬಂದು, ರೂಟ್‌ನ ಅಧಿಕಾರದಲ್ಲಿ ಎಕ್ಸ್ ಅನ್ನು ಎಬ್ಬಿಸಿದ್ದಾರೆ. ಅಂದಿನ ಉಬುಂಟುವಿನಲ್ಲಿ ಸುಡೋ ಹಾಕಿದರೂ ‘ಮನೆ’ ಮಾತ್ರ ಬಳಕೆದಾರನದೇ ಆಗಿರುತ್ತಿತ್ತು. ಹೀಗಾಗಿ ರೂಟ್ ಬರೆದ ಫೈಲು ಶಾಲೆಯ ಖಾತೆಯ ಮನೆಯಲ್ಲಿ ಕುಳಿತಿತು. 19.10ರಿಂದ ಈಚೆಗೆ ಇದನ್ನು ಬದಲಿಸಿದ್ದಾರೆ. ಆ ದಿನ ಪರದೆ ಬಂದಿರಬೇಕು, ಪಾಠವೂ ನಡೆದಿರಬೇಕು. ಅಂದಿನ ಔಷಧಿಯೇ ಮರುದಿನದಿಂದ ಕಾಯಿಲೆಯಾಯಿತು. ಹಾಗೆ ಮಾಡಿದವರನ್ನು ದೂರಲು ನನಗೆ ಮನಸ್ಸಿಲ್ಲ. ಎದುರಿಗೆ ನಲವತ್ತು ಮಕ್ಕಳು ಕಾಯುತ್ತಿರುವಾಗ ಯಾರಾದರೂ ಪರದೆ ಬರಿಸುವುದನ್ನೇ ನೋಡುತ್ತಾರೆ.

‘ಸುಡೋ’ ಎಂಬ ಪದ ಕಂಡು ಮಕ್ಕಳಿಗೆ ನಗು ತಡೆಯಲಾಗಲಿಲ್ಲ. “ಯಾರನ್ನ ಸುಡೋದು ಮೇಡಂ?” ಎಂದು ಒಬ್ಬ ಕೇಳಿದ. ನಾನೂ ನಕ್ಕೆ. ಆದರೆ ಅವನ ಪ್ರಶ್ನೆ ಅಷ್ಟೇನೂ ಅಸಂಬದ್ಧವಾಗಿರಲಿಲ್ಲ ಎಂದು ನಂತರ ಅನ್ನಿಸಿತು.

ಸರಿಪಡಿಸಲು ಎಲ್ಲರೂ ಹೇಳುವ ದಾರಿ ಮತ್ತೆ ಸುಡೋ ಬಳಸಿ, ‘ಚೋನ್’ ಆದೇಶದಿಂದ ಫೈಲಿನ ಮಾಲೀಕತ್ವವನ್ನು ಖಾತೆಗೆ ಹಿಂತಿರುಗಿಸುವುದು. ಅದು ಸರಿಯಾದ ದಾರಿಯೇ. ಒಂದು ಯಂತ್ರದಲ್ಲಿ ಹಾಗೇ ಮಾಡಿದೆವು. ಉಳಿದವುಗಳಲ್ಲಿ ಸುಡೋ ಇಲ್ಲದೆ ಮಾಡಿ ತೋರಿಸಿದೆ. ‘ಎಂವಿ’ ಆದೇಶದಿಂದ ಆ ಫೈಲಿಗೆ ಬೇರೆ ಹೆಸರಿಟ್ಟರೆ ಸಾಕು, ಮುಂದಿನ ಲಾಗಿನ್‌ನಲ್ಲಿ ಹೊಸ ಎಕ್ಸ್‌ಅಥಾರಿಟಿ ತಾನಾಗಿ ಹುಟ್ಟುತ್ತದೆ. “ಫೈಲು ರೂಟ್‌ದು, ಓದೋಕೇ ಬಿಡಲ್ಲ. ಹೆಸರು ಬದಲಾಯಿಸೋಕೆ ಹೇಗೆ ಬಿಡುತ್ತೆ?” ಎಂದು ಗೆಳತಿಯೇ ಕೇಳಿದಳು. ಫೈಲಿನ ಹೆಸರು ಇರುವುದು ಫೈಲಿನೊಳಗಲ್ಲ, ಫೋಲ್ಡರ್‌ನಲ್ಲಿ. ಫೋಲ್ಡರ್ ನಮ್ಮದಾದರೆ ಅದರ ಪಟ್ಟಿಯನ್ನು ತಿದ್ದುವ ಹಕ್ಕೂ ನಮ್ಮದೇ. ನಾನು ಇದನ್ನು ಹೇಳಲು ಪದ ಹುಡುಕುತ್ತಿದ್ದಾಗ ಒಬ್ಬ ಹುಡುಗಿ, “ನನ್ನ ಬ್ಯಾಗಲ್ಲಿ ಬೇರೆಯೋರ ಬೀಗ ಹಾಕಿರೋ ಡಬ್ಬಿ ಇದ್ದಂಗೆ. ಡಬ್ಬಿ ತೆಗೆಯೋಕಾಗಲ್ಲ, ಆದ್ರೆ ಬ್ಯಾಗಿಂದ ಆಚೆ ಇಡಬಹುದು” ಎಂದಳು. ಪಾಠ ಯೋಜನೆಯ ‘ಉದಾಹರಣೆ’ ಅಂಕಣಕ್ಕೆ ನಾನು ಯೋಚಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಕಂಟ್ರೋಲ್, ಆಲ್ಟ್, ಎಫ್7 ಒತ್ತಿ ಲಾಗಿನ್ ಪುಟಕ್ಕೆ ಬಂದೆವು. ಪಾಸ್‌ವರ್ಡ್ ಕೊಟ್ಟೆವು. ಪರದೆ ತೆರೆಯಿತು. ಹಿಂದಿನ ವರ್ಷದ ಯಾವುದೋ ತಂಡ ಮಾಡಿಟ್ಟಿದ್ದ ಫೈಲುಗಳೂ ಅಲ್ಲೇ ಇದ್ದವು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಎಲ್ಲರೂ ಒಂದೇ ಖಾತೆಯಲ್ಲಿ, ಅದೂ ಸುಡೋ ಅಧಿಕಾರವಿರುವ ಖಾತೆಯಲ್ಲಿ ಕುಳಿತರೆ ಇದೇ ಕಥೆ ಮತ್ತೆ ನಡೆಯುತ್ತದೆ. ಮುಖ್ಯೋಪಾಧ್ಯಾಯರು ಒಪ್ಪಿದ ಮೇಲೆ ಪ್ರತಿ ಯಂತ್ರದಲ್ಲಿ ಮಕ್ಕಳ ಗುಂಪುಗಳಿಗೆ ಸುಡೋ ಇಲ್ಲದ ಬೇರೆ ಬೇರೆ ಖಾತೆಗಳನ್ನು ಮಾಡಿದೆವು. ಪಾಸ್‌ವರ್ಡ್‌ಗಳನ್ನು ಅವರೇ ಇಟ್ಟುಕೊಂಡರು. ಮೊದಲ ಬಾರಿ ಎನ್ನುವಂತೆ ಆ ಲ್ಯಾಬ್‌ನಲ್ಲಿ ‘ನನ್ನ ಫೈಲು’ ಎಂಬ ಮಾತು ಕೇಳಿಸಿತು. ಮರುವಾರವೇ ಅದರಿಂದ ಹೊಸ ತೊಂದರೆಯೂ ಬಂತು.

ಒಂದು ಗುಂಪಿನ ಹುಡುಗ ತನ್ನ ಖಾತೆಯಲ್ಲಿ ಕುಳಿತು, ಪಕ್ಕದ ಗುಂಪಿನವರ ಒಪ್ಪಿಗೆಯಿಂದಲೇ ‘ಎಸ್‌ಯು’ ಆದೇಶ ಕೊಟ್ಟು ಅವರ ಖಾತೆಗೆ ದಾಟಿ, ಅಲ್ಲಿಂದ ಜಿಯೋಜಿಬ್ರಾ ತೆರೆಯಲು ನೋಡಿದ. ‘ನೋ ಪ್ರೋಟೋಕಾಲ್ ಸ್ಪೆಸಿಫೈಡ್’ ಎಂಬ ಸಾಲು ಬಂತು. ಅದರ ಹಿಂದೆಯೇ, ಎಕ್ಸ್11 ಸರ್ವರ್‌ಗೆ ಸಂಪರ್ಕ ಸಿಗುತ್ತಿಲ್ಲ ಎಂಬ ಉದ್ದದ ದೋಷ ಸಂದೇಶ. “ಪಾಸ್‌ವರ್ಡ್ ಸರಿಯಾಗೇ ಕೊಟ್ಟೆ ಮೇಡಂ. ಒಳಗೂ ಬಿಡ್ತು. ಆದ್ರೂ ತೆಗೀತಿಲ್ಲ!” ಎಂದು ಅವನ ದೂರು.

ಈ ಬಾರಿ ವಿವರಣೆ ಸುಲಭವಾಗಿತ್ತು. ಅವನು ಇನ್ನೊಬ್ಬರ ಹೆಸರಿನಲ್ಲಿ ಕೆಲಸ ಮಾಡುವ ಹಕ್ಕು ಪಡೆದಿದ್ದ. ಆದರೆ ಪರದೆ ಲಾಗಿನ್ ಆಗಿ ಕುಳಿತ ಖಾತೆಯದು. ಆ ಪರದೆಯ ಕುಕಿ ಇರುವುದು ಆ ಖಾತೆಯ ಮನೆಯಲ್ಲಿ, ಹೊಸ ಹೆಸರಿಗೆ ಅದನ್ನು ಓದುವ ಅನುಮತಿಯಿಲ್ಲ. ಖಾತೆಯ ಅನುಮತಿಯೇ ಬೇರೆ, ಪರದೆಯ ಅನುಮತಿಯೇ ಬೇರೆ. ದೋಷ ಸಂದೇಶದಲ್ಲಿ ಯಾರು ಯಾರನ್ನು ತಡೆಯುತ್ತಿದ್ದಾರೆ ಎಂದು ಅವರಿಗೇ ಕೇಳಿದೆ. “ಸರ್ವರ್ ತಡೀತಿದೆ” ಎಂದರು. ಸರ್ವರ್ ಎಲ್ಲಿದೆ ಎಂದರೆ “ಬೆಂಗಳೂರಲ್ಲಿ” ಎಂದನೊಬ್ಬ. ಎಕ್ಸ್‌ನ ಭಾಷೆಯಲ್ಲಿ ಸರ್ವರ್ ಎಂದರೆ ಪರದೆಯನ್ನು ನೋಡಿಕೊಳ್ಳುವ ಭಾಗ, ಅದು ಮಕ್ಕಳ ಕಣ್ಣೆದುರಿಗೇ ಇರುತ್ತದೆ. ಜಿಯೋಜಿಬ್ರಾ ಅದರ ಗಿರಾಕಿ. ಇದನ್ನು ನೆಟ್ಟಗಾಗಿಸಲು ಹತ್ತು ನಿಮಿಷ ಹಿಡಿಯಿತು.

ಗೆಳತಿ ‘ಎಕ್ಸ್‌ಹೋಸ್ಟ್ ಪ್ಲಸ್’ ಹಾಕಿಬಿಡೋಣ ಎಂದಳು. ಒಂದು ಪದ, ಒಂದು ಕೂಡಿಸುವ ಚಿಹ್ನೆ, ಎಲ್ಲ ತಕರಾರೂ ಮುಗಿಯುತ್ತದೆ. ನಿಜ. ಪರದೆ ಯಾರು ಬಂದರೂ ಬಿಡು ಎಂಬುದೇ ಅದರ ಅರ್ಥ. ಎಕ್ಸ್11ರಲ್ಲಿ ಒಮ್ಮೆ ಪರದೆಗೆ ಸೇರಿದ ಪ್ರೋಗ್ರಾಂ ಇತರ ಕಿಟಕಿಗಳಲ್ಲಿ ಒತ್ತುವ ಕೀಲಿಗಳನ್ನು ಗಮನಿಸಬಲ್ಲದು, ಪರದೆಯ ಚಿತ್ರ ತೆಗೆಯಬಲ್ಲದು. ಹೊಸ ಉಬುಂಟುಗಳಲ್ಲಿರುವ ವೇಲ್ಯಾಂಡ್ ಇದನ್ನು ತಡೆಯುತ್ತದೆ, ನಮ್ಮ ಹಳೆಯ ಯಂತ್ರಗಳಲ್ಲಿ ಆ ರಕ್ಷಣೆಯಿಲ್ಲ. ಮಕ್ಕಳು ಅದೇ ವಾರ ತಮ್ಮ ಮೊದಲ ಪಾಸ್‌ವರ್ಡ್ ಇಟ್ಟುಕೊಂಡಿದ್ದರು. ಅದನ್ನು ಯಾರಿಗೂ ಹೇಳಬೇಡಿ ಎಂದು ನಾವೇ ಹೇಳಿ, ನಾವೇ ಬಾಗಿಲು ತೆಗೆದಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಗೆಳತಿಯ ವಾದವೂ ತೀರಾ ಹುರುಳಿಲ್ಲದ್ದಲ್ಲ. “ಹತ್ತನೇ ಕ್ಲಾಸಿನ ಲ್ಯಾಬ್ ಕಣೇ ಇದು, ಬ್ಯಾಂಕಲ್ಲ” ಎಂದಳು. ನಾವು ಸ್ವಲ್ಪ ಜಗಳವಾಡಿದೆವು, ಮಕ್ಕಳೆದುರಿಗಲ್ಲ.

ಕೊನೆಗೆ ಹಾಕಿದ್ದು ಎಕ್ಸ್‌ಹೋಸ್ಟ್ ಆದೇಶವನ್ನೇ, ಆದರೆ ಪ್ಲಸ್‌ನ ಮುಂದೆ ‘ಎಸ್‌ಐ, ಲೋಕಲ್‌ಯೂಸರ್’ ಎಂದು ಬರೆದು ಆ ಒಂದು ಖಾತೆಯ ಹೆಸರನ್ನೇ ಸೇರಿಸಿ. ನಡುವೆ ಅಲ್ಪವಿರಾಮವಲ್ಲ, ಕೋಲನ್ ಬರಬೇಕು. ಆಗ ಆ ಹೆಸರಿಗೆ ಮಾತ್ರ ಪರದೆ ತೆರೆಯುತ್ತದೆ. ಪ್ಲಸ್ ಜಾಗದಲ್ಲಿ ಮೈನಸ್ ಹಾಕಿದರೆ ಹಿಂತೆಗೆದುಕೊಂಡಂತೆ. ಲಾಗೌಟ್ ಆದರೆ ಹೇಗೂ ಹೋಗುತ್ತದೆ. ಅದನ್ನು ಕೊಡಬೇಕಾದದ್ದು ಪರದೆಯ ಮುಂದೆ ಕುಳಿತ ಹುಡುಗ, ನಾನಲ್ಲ. ಅವನೇ ಟೈಪ್ ಮಾಡಿದ. ಪಕ್ಕದ ಗುಂಪಿನ ಫೈಲು ಅವನ ಪರದೆಯ ಮೇಲೆ ತೆರೆಯಿತು.

ಪಾಠ ವೀಕ್ಷಣೆಗೆ ಬಂದ ನಮ್ಮ ಉಪನ್ಯಾಸಕರು ಪುಸ್ತಕದಲ್ಲಿ ‘ಸಮಯ ನಿರ್ವಹಣೆ ಸುಧಾರಿಸಬೇಕು’ ಎಂದು ಬರೆದರು. ಸ್ಪರ್ಶಕದ ಪಾಠಕ್ಕೆ ಎರಡು ಅವಧಿಯ ಬದಲು ಮೂರು ಹಿಡಿದಿದ್ದು ನಿಜ, ಘಟಕ ಪರೀಕ್ಷೆ ಒಂದು ದಿನ ಮುಂದೆ ಹೋಗಿದ್ದೂ ನಿಜ. ಮೂರನೆಯ ಅವಧಿಯಲ್ಲಿ, ಸೇವ್ ಮಾಡಿದ್ರೂ ಹೋಗ್ಬಿಡುತ್ತೆ ಎಂದಿದ್ದ ಹುಡುಗಿ ಹಿಂದಿನ ದಿನದ ಫೈಲ್ ತೆರೆದು, ಬಾಹ್ಯ ಬಿಂದುವನ್ನು ಎಳೆಯುತ್ತ ವೃತ್ತದ ಒಳಗೇ ತಂದಳು. ಎರಡೂ ಸ್ಪರ್ಶಕಗಳು ಮಾಯವಾದವು. ಅವಳು ಗಾಬರಿಯಾಗದೆ ಬಿಂದುವನ್ನು ನಿಧಾನವಾಗಿ ಪರಿಧಿಯ ಮೇಲಕ್ಕೆ ತಂದು ನಿಲ್ಲಿಸಿ, “ಇಲ್ಲಿ ಒಂದೇ ಬರುತ್ತೆ ಮೇಡಂ, ಯಾಕೆ?” ಎಂದು ಕೇಳಿದಳು. ಅದು ನಾಲ್ಕನೆಯ ಅವಧಿಗೆ ಹೋಯಿತು.