ಸೋಲ್ ನಗರದ ರೂಮ್‌ಮೇಟ್‌ಗಳು

ಸೋಲ್ ನಗರದ ಸಿಂಚೋನ್ ಬಡಾವಣೆಯಲ್ಲಿ ನನ್ನ ಮಗಳು ಬಾಡಿಗೆಗೆ ಹಿಡಿದಿರುವ ಕೋಣೆ ನಮ್ಮ ಶಾಲೆಯ ಪ್ರಯೋಗಾಲಯದ ಅರ್ಧದಷ್ಟೂ ಇಲ್ಲ. ಬಾಗಿಲು ತೆಗೆದೊಡನೆ ಶೂ ಬಿಡಲು ಒಂದು ತಗ್ಗು, ಪಕ್ಕದಲ್ಲೇ ಒಲೆ, ಒಲೆಯಿಂದ ಎರಡು ಹೆಜ್ಜೆಗೆ ಹಾಸಿಗೆ. ದಸರಾ ರಜೆಯಲ್ಲಿ ಅಲ್ಲಿಗೆ ಹೋದ ನನಗೆ ಮೊದಲು ಹಿಡಿಸಿದ್ದು ಆ ಕೋಣೆಯ ನೆಲ. ಅಕ್ಟೋಬರಿನ ಚಳಿಯಲ್ಲಿ ಬರಿಗಾಲಿಗೆ ಹಿತವಾಗಿ ಬೆಚ್ಚಗಿತ್ತು! ಇದನ್ನು 'ಒಂಡೋಲ್' ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಒಲೆಯ ಬಿಸಿಹೊಗೆಯನ್ನು ನೆಲದಡಿಯ ಕಾಲುವೆಗಳಲ್ಲಿ ಹಾಯಿಸಿ ಮೇಲಿನ ಕಲ್ಲುಚಪ್ಪಡಿಗಳನ್ನು ಕಾಯಿಸುತ್ತಿದ್ದರು. ಈಗ ಆ ಜಾಗದಲ್ಲಿ ಬಿಸಿನೀರಿನ ಕೊಳವೆಗಳಿವೆ. ವಹನ, ಸಂವಹನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಸಿಂಚೋನ್ ವಿದ್ಯಾರ್ಥಿಗಳ ಪ್ರದೇಶ. ಯೋನ್‌ಸೇ ಮತ್ತು ಇವ್ಹಾ ವಿಶ್ವವಿದ್ಯಾಲಯಗಳು ಅಲ್ಲೇ ಇವೆ. ಊಟ ಸಮೇತ ಕೋಣೆ ಕೊಡುವ 'ಹಾಸುಕ್' ಮನೆಗಳು, ಮಂಚ ಮತ್ತು ಮೇಜು ಹಾಕಿದರೆ ಮುಗಿದೇಹೋಗುವ 'ಗೋಶಿವೋನ್' ಗೂಡುಗಳು ಗಲ್ಲಿ ಗಲ್ಲಿಯಲ್ಲಿವೆ. ಮನೆಯ ಮುಂಗಡ ಹಣ ಕೇಳಿದರೆ ಎದೆ ಒಡೆಯುತ್ತದೆ. ಹಾಗಾಗಿ ಇಬ್ಬರು ಸೇರಿ ಮನೆ ಹಿಡಿಯುವುದು ಅಲ್ಲಿ ತೀರ ಸಾಮಾನ್ಯ. ಇಬ್ಬರು ಹುಡುಗರು ಒಂದೇ ಮನೆಯಲ್ಲಿದ್ದಾರೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮಲ್ಲೂ ಅಷ್ಟೇ ತಾನೆ? 'ಸ್ನೇಹಿತರು, ಸೇರಿ ರೂಮು ಮಾಡಿಕೊಂಡಿದ್ದಾರೆ' ಎಂದರೆ ಮಾತು ಮುಗಿಯಿತು.

ಆ ಮಾತಿನ ಮರೆಯಲ್ಲಿ ಎಷ್ಟೊಂದು ಬದುಕು ಅಡಗಿರಬಹುದೆಂದು ನನಗೆ ಹೊಳೆದದ್ದು ಅಲ್ಲಿಯ ಒಂದು ಮಳೆಯ ಸಂಜೆ. ಹೊರಗೆ ಹೋಗುವಂತಿರಲಿಲ್ಲ. ಮಗಳು ಲ್ಯಾಪ್‌ಟಾಪ್ ತೆರೆದು, "ಅಪ್ಪ, ಇದು ಇಬ್ಬರು ಗಂಡಸರ ಪ್ರೇಮಕಥೆ. ನೋಡ್ತೀಯಾ, ಬೇರೆ ಏನಾದ್ರೂ ಹಾಕ್ಲಾ?" ಎಂದಳು. ಒಂದು ಕ್ಷಣ ಕಸಿವಿಸಿಯಾಯಿತು, ಸುಳ್ಳೇಕೆ ಹೇಳಲಿ. "ಹಾಕು" ಎಂದೆ.

ಅದು 2021ರಲ್ಲಿ ಬಂದ 'ಟು ಮೈ ಸ್ಟಾರ್' ಎಂಬ ಕೊರಿಯನ್ ಧಾರಾವಾಹಿ. ನಿರ್ದೇಶಕಿ ಹ್ವಾಂಗ್ ದಾ-ಸುಲ್. ಹೆಸರುವಾಸಿ ನಟ ಕಾಂಗ್ ಸಿಯೋ-ಜೂನ್ ಸುದ್ದಿಯ ಗಲಾಟೆಯಲ್ಲಿ ಸಿಕ್ಕಿಕೊಂಡು, ಹಾನ್ ಜಿ-ವೂ ಎಂಬ ಮಿತಭಾಷಿ ಬಾಣಸಿಗ ವಾಸಿಸುವ ಮನೆಗೆ ಬಂದು ಸೇರುತ್ತಾನೆ. ಒಬ್ಬನಿಗೆ ಮಾತಿಲ್ಲದಿದ್ದರೆ ಆಗದು, ಇನ್ನೊಬ್ಬನಿಗೆ ಮಾತೇ ಬೇಡ. ಪೋಷಕರು ಗಾಬರಿಯಾಗಬೇಕಿಲ್ಲ, ಹೆಚ್ಚಿನಂಶ ಅಡುಗೆ, ಮಾತು, ಮುನಿಸು ಅಷ್ಟೆ. ಕೊರಿಯನ್ ಭಾಷೆಯಲ್ಲೂ ನಮ್ಮ 'ನೀವು', 'ನೀನು' ಇದ್ದಂತೆ ಗೌರವದ ಮಾತು, ಸಲಿಗೆಯ ಮಾತು ಬೇರೆ ಬೇರೆ. ಇಂಗ್ಲಿಷಿನ ಅಡಿಬರಹದಲ್ಲಿ ಎರಡೂ ಒಂದೇ ಆಗಿಬಿಡುವುದರಿಂದ, ಮಾತಿನ ಧಾಟಿ ಬದಲಾದಾಗಲೆಲ್ಲ ಮಗಳೇ ಬಿಡಿಸಿ ಹೇಳಬೇಕಾಯಿತು.

2022ರಲ್ಲಿ ಬಂದ ಎರಡನೆಯ ಭಾಗ ನನ್ನನ್ನು ಹೆಚ್ಚು ಕಾಡಿತು. ಅದರಲ್ಲಿ ಬಾಣಸಿಗ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ ಒಂದು ಹಳ್ಳಿ ಸೇರಿಬಿಟ್ಟಿರುತ್ತಾನೆ. ಇನ್ನೊಬ್ಬ ಅವನನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಾನೆ. ನನಗನ್ನಿಸಿದಂತೆ, ಅವನು ಹೆದರಿದ್ದು ಪ್ರೀತಿಸಿದವನಿಗಲ್ಲ. ತನ್ನ ಮನಸ್ಸು ಇಂಥದ್ದು ಎಂದು ತಾನೇ ಒಪ್ಪಿಕೊಳ್ಳುವುದಕ್ಕೆ.

ಕಥೆಯಲ್ಲಿ ಹೊರಗಿನ ಸಮಾಜ ಅಷ್ಟಾಗಿ ಕಾಣುವುದಿಲ್ಲ. ನಿಜವಾದ ಕೊರಿಯಾ ಅಷ್ಟು ಸಲೀಸಲ್ಲ. 2000ದಲ್ಲಿ ಹಾಂಗ್ ಸೋಕ್-ಚೋನ್ ಎಂಬ ನಟ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದಾಗ ಟೀವಿಯ ಕೆಲಸ ಕಳೆದುಕೊಂಡ. ಸಾಮಾನ್ಯ ನಾಗರಿಕರಿಗೆ ಇದು ಅಪರಾಧವಲ್ಲದಿದ್ದರೂ, ಗಂಡುಹುಡುಗರಿಗೆ ಕಡ್ಡಾಯವಾದ ಸೈನ್ಯದ ಕಾನೂನಿನಲ್ಲಿ ಸಲಿಂಗ ಸಂಬಂಧವನ್ನು ಶಿಕ್ಷಿಸುವ ಕಲಮು ಉಳಿದುಕೊಂಡಿದೆ. 2023ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2024ರ ಜುಲೈ 18ರಂದು ಮಾತ್ರ ಸುಪ್ರೀಂ ಕೋರ್ಟ್, ಜೊತೆಯಾಗಿ ಬಾಳುತ್ತಿರುವ ಸಲಿಂಗ ಸಂಗಾತಿಗೂ ರಾಷ್ಟ್ರೀಯ ಆರೋಗ್ಯ ವಿಮೆಯಲ್ಲಿ ಅವಲಂಬಿತನ ಹಕ್ಕು ಕೊಡಬೇಕೆಂದಿತು. ಅಲ್ಲಿಯವರೆಗೆ ವಿಮೆಯ ಲೆಕ್ಕದಲ್ಲಿ ಅಂಥ ಇಬ್ಬರು ಬರೀ ರೂಮ್‌ಮೇಟ್‌ಗಳು!

ಮಳೆ ನಿಂತ ಮರುದಿನ ಸಂಜೆ ಮೆಟ್ರೋದಲ್ಲಿ ಜೋಂಗ್ನೋ ಸಾಮ್‌ಗಾ ನಿಲ್ದಾಣಕ್ಕೆ ಹೋದೆವು. 1919ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಣೆ ಓದಿದ ತಾಪ್‌ಗೋಲ್ ಉದ್ಯಾನ ಅಲ್ಲೇ ಹತ್ತಿರ. ಗಿಟಾರು, ಡೋಲು ಮಾರುವ ನಾಗ್ವೋನ್ ಮಳಿಗೆಯೂ, ಹಳೆಯ ಹೆಂಚಿನ ಮನೆಗಳ ಇಕ್ಸೋನ್ ಗಲ್ಲಿಗಳೂ ಅಲ್ಲೇ. ಇದೇ ಗಲ್ಲಿಗಳಲ್ಲಿ ಸಲಿಂಗಿಗಳು ಸೇರುವ ಪುಟ್ಟ ಬಾರುಗಳು ದಶಕಗಳಿಂದ ಇವೆ ಎಂದು ಮಗಳು ಹೇಳಿದಳು. ನನಗೆ ಕಂಡದ್ದು ರಸ್ತೆಬದಿಯಲ್ಲಿ ಸಾಲಾಗಿ ನಿಂತ ಟಾರ್ಪಾಲಿನ ಗುಡಾರ ಹೋಟೆಲುಗಳು, ಹಬೆಯಾಡುವ ಪಾತ್ರೆಗಳು. ಒಂದು ಮೇಜಿನಲ್ಲಿ ತಲೆ ನರೆತ ಇಬ್ಬರು ಕೂತಿದ್ದರು. ಒಬ್ಬ ಮೀನಿನ ಮುಳ್ಳು ಬಿಡಿಸಿ ಇನ್ನೊಬ್ಬನ ತಟ್ಟೆಗೆ ಹಾಕುತ್ತಿದ್ದ. ಅಣ್ಣತಮ್ಮಂದಿರೋ, ರೂಮ್‌ಮೇಟ್‌ಗಳೋ, ಇನ್ನೇನೋ.

ಅವರನ್ನು ನೋಡುತ್ತಿದ್ದಾಗ ಇಪ್ಪತ್ತು ವರ್ಷಗಳ ಹಿಂದಿನ ಒಂದು ಪೀರಿಯಡ್ ನೆನಪಾಯಿತು. ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹುಡುಗನಿಗೆ ಹುಡುಗನ ಮೇಲೇ ಮನಸ್ಸಾದ್ರೆ ಅದು ಕಾಯಿಲೆಯಾ?" ಎಂದ. ತರಗತಿ ಗೊಳ್ಳೆಂದಿತು. ನಾನು ಡಸ್ಟರಿನಿಂದ ಮೇಜು ಕುಟ್ಟಿ, "ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿತ್ತು. 'ಅಲ್ಲ' ಎಂಬ ಎರಡಕ್ಷರ ಸಾಕಿತ್ತು. ಅವನು ಏಕೆ ಕೇಳಿದನೋ ನಾನರಿಯೆ. ಆ ವರ್ಷವಿಡೀ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಊಟ ಮಾಡುತ್ತಾ ಇದನ್ನು ಮಗಳಿಗೆ ಹೇಳಿದೆ. ಕೊರಿಯಾದ ಶಿಕ್ಷಣ ಇಲಾಖೆಯೂ 2022ರಲ್ಲಿ ಹೊಸ ಪಠ್ಯಕ್ರಮದಿಂದ 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಪದವನ್ನೇ ಕೈಬಿಟ್ಟಿತೆಂದು ಅವಳು ಹೇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಡಸ್ಟರಿನಿಂದ ಮಾಡಿದ್ದನ್ನು ಅವರು ಕಾಗದದಲ್ಲಿ ಮಾಡಿದ್ದರು.

ರಜೆ ಮುಗಿದು ಊರಿಗೆ ಬಂದೆ. ಡಿಸೆಂಬರಿನಲ್ಲಿ ಅದೇ ಪಾಠ ಬಂತು. ಈ ಸಲ ಯಾರೂ ಏನೂ ಕೇಳಲಿಲ್ಲ. ನಾನೇ ಬೋರ್ಡಿನ ಮೂಲೆಯಲ್ಲಿ 1990 ಎಂದು ಬರೆದೆ. ಅದರ ಕೆಳಗೆ, ನಮ್ಮ ಸುಪ್ರೀಂ ಕೋರ್ಟು ಇದು ಅಪರಾಧವಲ್ಲವೆಂದ 2018 ಎಂದೂ ಬರೆದು ವಿಷಯ ಹೇಳಿದೆ. ಕಿಟಕಿಯ ಪಕ್ಕದ ಇಬ್ಬರು ಕಿಸಕ್ಕೆಂದರು. ಅವರು ನಕ್ಕು ಮುಗಿಸುವವರೆಗೆ ಕಾದೆ. ಆಮೇಲೆ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ, ಮೊದಲಿನಿಂದ ಹೇಳಿದೆ.