ಹಲ್ಲು ತಿನ್ನುವ ಮನುಷ್ಯ

ನಮ್ಮ ನಿಫಾಡದ ಮನೆಗೆ ಇಲಿ ಹೊಕ್ಕಿದೆಯೆಂಬ ಸಂಶಯ ಮೊದಲು ಹುಟ್ಟಿದ್ದು ಎರಡು ವರ್ಷದ ಹಿಂದೆ, ಪುಷ್ಯ ಮಾಸದಲ್ಲಿ. ನಾಸಿಕ ಜಿಲ್ಲೆಯ ಈ ಊರು ನ್ಯಾಯಮೂರ್ತಿ ರಾನಡೆಯವರು 1842ರಲ್ಲಿ ಜನಿಸಿದ ಸ್ಥಳ; ಇಂದು ದ್ರಾಕ್ಷಿಗೂ ಉಳ್ಳಾಗಡ್ಡಿಗೂ ಹೆಸರಾಗಿದೆ. ಚಳಿ ಬಿರುಸಾದ ರಾತ್ರಿಗಳಲ್ಲಿ ದ್ರಾಕ್ಷಿ ತೋಟದವರು ಬಳ್ಳಿಗಳನ್ನು ಉಳಿಸಿಕೊಳ್ಳಲು ಅಲ್ಲಲ್ಲಿ ಬೆಂಕಿ ಹಾಕುತ್ತಾರೆ. ಅಂಥದೊಂದು ರಾತ್ರಿ ನಮ್ಮ ಮನೆಯಾಕೆ ಕರಕರ ಸದ್ದು ಕೇಳಿ ಎದ್ದಳು. ಬ್ಯಾಟರಿ ಹಿಡಿದು ಉಳ್ಳಾಗಡ್ಡಿ ಚೀಲದ ಹಿಂದೆ, ಅಕ್ಕಿ ಡಬ್ಬಿಯ ಸಂದಿಯಲ್ಲಿ ಹುಡುಕಿದಳು. ಇಲಿ ಸಿಗಲಿಲ್ಲ. ಮರಳಿ ಬಂದು ನೋಡಿದರೆ ಸದ್ದು ನನ್ನ ದಿಂಬಿನ ಮೇಲಿಂದಲೇ ಬರುತ್ತಿತ್ತಂತೆ!

ಬೆಳಿಗ್ಗೆ ಅವಳು ಹೇಳಿದಾಗ ನಾನು ಒಪ್ಪಲಿಲ್ಲ. ಗೊರಕೆ ಹೊಡೆಯುವವನಂತೆ ಹಲ್ಲು ಕಡಿಯುವವನೂ ತನ್ನ ಅಪರಾಧವನ್ನು ತಾನು ಕೇಳಿದವನಲ್ಲ. "ಚಳಿಗೆ ಕಟಕಟ ಅಂದಿರಬೇಕು" ಎಂದೆ. ಚೈತ್ರ ಬಂತು, ಚಳಿ ಹೋಯಿತು, ಸದ್ದು ಹೋಗಲಿಲ್ಲ. ನೆರೆಮನೆಯ ಆಜಿ ಕೇಳಿ ನಕ್ಕು, "ದಾತ ಖಾತೋ" ಎಂದರು. ನಾವು ಹಲ್ಲು ಕಡಿಯುತ್ತಾನೆ ಎನ್ನುವುದನ್ನು ಮರಾಠಿಗರು ಹಲ್ಲು ತಿನ್ನುತ್ತಾನೆ ಎನ್ನುತ್ತಾರೆ. ಊರಿನಿಂದ ಅವ್ವ ಫೋನಿನಲ್ಲಿ, "ಹೊಟ್ಟ್ಯಾಗ ಜಂತು ಆಗಿರಬೇಕು, ಔಷಧ ತಗೋ" ಎಂದಳು. ತೆಗೆದುಕೊಂಡೆ. ಜಂತುಗಳ ಗತಿ ಏನಾಯಿತೋ ಕಾಣೆ, ಹಲ್ಲಿನ ಕೆಲಸ ಮಾತ್ರ ನಿಲ್ಲಲಿಲ್ಲ.

ಮರಾಠಿಯ ಮಾತೇ ಸರಿಯೆಂದು ತಿಳಿದದ್ದು ಶ್ರಾವಣದಲ್ಲಿ. ಪಂಚಮಿಗೆ ಅವ್ವ ಕಳಿಸಿದ ಶೇಂಗಾ ಉಂಡಿ ಬಾಯಿಗಿಟ್ಟಿದ್ದೆ. ದವಡೆ ಹಲ್ಲಿನ ಒಂದು ಚೂರು ಉಂಡಿಯೊಡನೆ ಕೈಗೆ ಬಂತು.

ನಾಸಿಕದ ದಂತವೈದ್ಯರು ಕನ್ನಡಿ ಹಿಡಿದು ತೋರಿಸಿದರು. ಮುಂದಿನ ಹಲ್ಲುಗಳ ಅಂಚು ತೇದಂತೆ ಸಪಾಟಾಗಿತ್ತು. ಇದು ವರ್ಷಗಳಿಂದ ನಡೆದದ್ದು, ಈಚೆಗೆ ಹೆಚ್ಚಾಗಿರಬೇಕು ಎಂದರು. ಬೆಳಿಗ್ಗೆ ದವಡೆ ಬಿಗಿದಿರುವುದು, ಹಣೆಯ ಪಕ್ಕ ನೋಯುವುದು, ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು ಇವೆಲ್ಲ ಅದರ ಗುರುತುಗಳೇ. ಹಲ್ಲಿನ ಮೇಲಿನ ಎನಾಮಲ್ ಉಗುರಿನಂತಲ್ಲ. ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಇದಕ್ಕೆ ಬ್ರಕ್ಸಿಸಂ ಎಂದು ಹೆಸರು. 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ಆರೋಗ್ಯವಂತರಲ್ಲಿ ಇದನ್ನು ರೋಗವೆಂದು ಎಣಿಸದೆ ದವಡೆಯ ಸ್ನಾಯುಗಳ ಒಂದು ವರ್ತನೆಯೆಂದು ತಿಳಿಯಬೇಕು ಎಂದಿದ್ದಾರೆ. ನಿದ್ದೆ ಕ್ಷಣಕಾಲ ತೆಳುವಾದಾಗ ಸ್ನಾಯುಗಳು ಬಿಗಿಯುತ್ತವೆ. ಮನಸ್ಸಿನ ಒತ್ತಡ, ಅತಿಯಾದ ಚಹಾ ಕಾಫಿ, ತಂಬಾಕು, ಮದ್ಯ, ಖಿನ್ನತೆಗೆ ಕೊಡುವ ಕೆಲವು ಔಷಧಗಳು ಇದನ್ನು ಹೆಚ್ಚಿಸಬಲ್ಲವು. ಹಾಗೆಂದು ಯಾರೂ ಔಷಧವನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಗೊರಕೆಯ ನಡುವೆ ಉಸಿರು ಕಟ್ಟುವವರು ಅದನ್ನೂ ತೋರಿಸಿಕೊಳ್ಳಬೇಕು. ಮಕ್ಕಳು ಹಲ್ಲು ಕಡಿಯುವುದು ಸಾಮಾನ್ಯ; ಬಹುಮಟ್ಟಿಗೆ ಬೆಳೆಯುತ್ತ ತಾನಾಗಿ ಕಡಿಮೆಯಾಗುತ್ತದೆ.

ವೈದ್ಯರು ನನ್ನ ಹಲ್ಲಿನ ಅಚ್ಚು ತೆಗೆದು, ರಾತ್ರಿ ಹಾಕಿಕೊಳ್ಳಲು ನೈಟ್ ಗಾರ್ಡ್ ಎಂಬ ಕವಚ ಮಾಡಿಸಿಕೊಟ್ಟರು. "ಇದು ಹಲ್ಲನ್ನು ಕಾಯುತ್ತದೆ, ಕಡಿಯುವ ಚಾಳಿಯನ್ನು ಬಿಡಿಸುತ್ತದೆಂದು ತಿಳಿಯಬೇಡಿ" ಎಂದು ಎಚ್ಚರಿಸಿದರು. ಅದನ್ನು ದಿನವೂ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಕೊನೆಗೆ, "ಮನಸ್ಸಿಗೆ ಏನಾದರೂ ಚಿಂತೆಯುಂಟೇ?" ಎಂದು ಕೇಳಿದರು. "ಏನೂ ಇಲ್ಲ" ಎಂದೆ. ಪಕ್ಕದಲ್ಲಿದ್ದ ಮನೆಯಾಕೆ ನನ್ನ ಮುಖವನ್ನೇ ನೋಡಿದಳು.

ಅವರು ಕೊಟ್ಟ ಇನ್ನೊಂದು ಪಾಠ ಬಹು ಸುಲಭವಾದದ್ದು. ಊಟವಿಲ್ಲದ ಹೊತ್ತಿನಲ್ಲಿ ತುಟಿ ಕೂಡಿರಲಿ, ಹಲ್ಲು ಕೂಡಿರಬಾರದು. ನೆನಪಿಗಾಗಿ ನನ್ನ ಮೇಜಿನ ಮೇಲೆ ಒಂದು ಕೆಂಪು ಚುಕ್ಕೆ ಅಂಟಿಸಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲಿಸುವುದು. ನಾಲ್ಕು ದಿನದಲ್ಲಿ ಒಂದು ಸಂಗತಿ ಹೊಳೆಯಿತು. ಊರಿನಿಂದ ತಮ್ಮನ ಫೋನು ಬಂದಾಗಲೆಲ್ಲ ನನ್ನ ಹಲ್ಲುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತಿದ್ದವು.

ವಿಷಯವಿಷ್ಟೆ: ಗದಗಿನ ಕಡೆಯ ನಮ್ಮ ಮನೆಯನ್ನು ಮಾರಲು ಹಿಂದಿನ ದೀಪಾವಳಿಯಿಂದ ಅವನು ನನ್ನ ಸಹಿ ಕೇಳುತ್ತಿದ್ದ. ಆ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಅವನಿಗೆ ಇಲ್ಲವೆನ್ನಲಾರದೆ, ಅವ್ವನಿಗೆ ತಿಳಿಸಲಾರದೆ, ಹೆಂಡತಿಗೂ ಹೇಳದೆ ದಿನ ದೂಡುತ್ತಿದ್ದೆ. ಪರಸ್ಥಳದಲ್ಲಿರುವ ನಾವು ಊರಿನ ಚಿಂತೆಯನ್ನು ಹಲ್ಲು ಕಚ್ಚಿ ನುಂಗುವುದನ್ನೇ ದೊಡ್ಡತನವೆಂದು ತಿಳಿದಿದ್ದೇವೆ.

ಆ ರಾತ್ರಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಲ್ರೀ, ಹಗಲೊತ್ತು ಬಾಯಿ ಬಿಟ್ಟು ಹೇಳಿದ್ರ, ರಾತ್ರಿ ಹಲ್ಲು ಕಡಿಯೂದು ಯಾಕ ಬೇಕಿತ್ತು?" ಎಂದಳು.

ಮನೆಯ ಮಾತು ಇನ್ನೂ ಬಗೆಹರಿದಿಲ್ಲ. ಆದರೆ ಅವ್ವನನ್ನು ಕೇಳದೆ ಸಹಿ ಹಾಕುವುದಿಲ್ಲವೆಂದು ತಮ್ಮನಿಗೆ ಹೇಳಿದ್ದೇನೆ, ಅವ್ವನಿಗೂ ಹೇಳಿದ್ದೇನೆ. ಸಂಜೆಯ ಚಹಾ ಬಿಟ್ಟಿದ್ದೇನೆ, ಕವಚವನ್ನು ಬಿಟ್ಟಿಲ್ಲ. ಹಲ್ಲು ಕಡಿಯುವುದು ನಿಂತಿಲ್ಲ, ಕಡಿಮೆಯಾಗಿದೆ ಎಂದು ಕೇಳುವವಳೇ ಸಾಕ್ಷಿ ನುಡಿಯುತ್ತಾಳೆ.

ಮೊನ್ನೆ ರಾತ್ರಿ ಮತ್ತೆ ಕರಕರ ಸದ್ದು. ಅವಳು ನನ್ನನ್ನು ಅಲುಗಿಸಿ ಎಬ್ಬಿಸಿದಳು. ಇಬ್ಬರೂ ಎದ್ದು ಬ್ಯಾಟರಿ ಬಿಟ್ಟು ನೋಡಿದೆವು. ಈ ಸಲ ನಿಜವಾಗಿಯೂ ಇಲಿ!